ಪಟೇಲರ ಉಗುರು ತಪಾಸಣೆ

ಕಳೆದ ಶನಿವಾರ ಬೆಳಿಗ್ಗೆ ನಮ್ಮೂರಿನ ಪಟೇಲರು ಶಾಲೆಯ ಅಂಗಳದಲ್ಲಿ ಎರಡೂ ಕೈ ಮುಂದಕ್ಕೆ ಚಾಚಿಕೊಂಡು ನಿಂತಿದ್ದರು. ಅವರ ಎದುರಿಗೆ, ಅವರ ಸೊಂಟದೆತ್ತರಕ್ಕೂ ಬಾರದ ಒಂದು ಹುಡುಗಿ. ಒಂದೊಂದೇ ಬೆರಳು ಹಿಡಿದು, ತಿರುಗಿಸಿ, ಕಣ್ಣು ಕಿರಿದು ಮಾಡಿ ಉಗುರು ನೋಡುತ್ತಿದ್ದಳು. ಸುತ್ತಲೂ ಶಾಲೆಯ ಮಕ್ಕಳೆಲ್ಲ. ಜಗಲಿಯ ಕಂಬದ ಹತ್ತಿರ ನಾನು. ನನ್ನ ಹಿಂದೆ, ನನ್ನನ್ನೇ ಮರೆ ಮಾಡಿಕೊಂಡು, ನಮ್ಮ ಹೆಡ್ಮಾಸ್ಟರು.

ಪಟೇಲರು ಎಂದರೆ ಸಾಮಾನ್ಯರಲ್ಲ. ಅವರು ಕೆಮ್ಮಿದರೆ ಅಂಗಡಿ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ಅಂಥವರು ಸಂತೆಗೆ ಹೊರಟ ಬಿಳೀ ಅಂಗಿಯಲ್ಲಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತಿದ್ದರು.

ಇದಕ್ಕೆಲ್ಲ ಕಾರಣ ಯಾರು? ಹೌದು, ನಾನೇ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಮ್ಮದು ಸೋಮವಾರಪೇಟೆಗೂ ಶನಿವಾರಸಂತೆಗೂ ನಡುವಿನ ಒಂದು ಎಲಿಮೆಂಟರಿ ಶಾಲೆ. (ಊರಿನ ಹೆಸರು ಬೇಡ. ನಾನು ಇನ್ನೂ ಅಲ್ಲೇ ಬಾಳಬೇಕು.) ಮಿಲಿಟರಿಯಿಂದ ಬಂದ ಒಬ್ಬ ಹವಾಲ್ದಾರರು ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದರು. ಅವರು ಕೆಲಸ ಬಿಟ್ಟು ತಮ್ಮ ಏಲಕ್ಕಿ ತೋಟ ನೋಡಿಕೊಳ್ಳಲು ಹೊರಟುಹೋದರು. ಮರುದಿನವೇ ಹೆಡ್ಮಾಸ್ಟರ್ ಬೆಳ್ಳಿಯಪ್ಪನವರು ನನ್ನನ್ನು ಕರೆದರು.

"ಮೇಷ್ಟ್ರೇ, ಇನ್ನು ಡ್ರಿಲ್ಲು, ಹೆಲ್ತು ಎರಡೂ ನಿಮ್ದೇ."

"ನಾನು ಕನ್ನಡ ಮೇಷ್ಟ್ರು ಸಾರ್!"

"ಕನ್ನಡದಲ್ಲೇ ಡ್ರಿಲ್ ಮಾಡ್ಸಿ."

ನನ್ನನ್ನು ಕಂಡವರಿಗೆ ಈ ಆರ್ಡರಿನ ಅನ್ಯಾಯ ಗೊತ್ತಾದೀತು. ಬಗ್ಗಿ ನನ್ನ ಕಾಲಿನ ಹೆಬ್ಬೆರಳನ್ನು ನಾನು ಮುಟ್ಟುವುದು ಹಾಗಿರಲಿ, ನಿಂತಲ್ಲಿಂದ ಅದು ನನಗೆ ಕಾಣಿಸುವುದೂ ಇಲ್ಲ. ನಡುವೆ ಹೊಟ್ಟೆ ಇದೆ. ಸೇನೆಗೂ ಹಾಕಿಗೂ ಹೆಸರಾದ ಈ ನಾಡಿನಲ್ಲಿ ಡ್ರಿಲ್ ಹೇಳಿಕೊಡಲು ಅರಕಲಗೂಡು ಕಡೆಯಿಂದ ಬಂದ ನಾನೇ ಸಿಕ್ಕಬೇಕೆ?

ಮೊದಲ ದಿನ "ಎಡಕ್ಕೆ ತಿರುಗ್!" ಎಂದೆ. ನಮ್ಮ ಶಾಲೆಯಲ್ಲಿ ಕೊಡವ ತಕ್ಕು, ಅರೆಭಾಷೆ, ಮಲಯಾಳ, ತಮಿಳು, ತುಳು, ಉರ್ದು ಎಲ್ಲ ಮನೆಮಾತುಗಳ ಮಕ್ಕಳೂ ಇದ್ದಾರೆ. ಒಬ್ಬೊಬ್ಬರೂ ತಮ್ಮ ಮನೆಯ ಎಡಕ್ಕೆ ತಿರುಗಿದರು. ಇಬ್ಬಿಬ್ಬರು ಮುಖಕ್ಕೆ ಮುಖ ಕೊಟ್ಟು ನಿಂತು ನಗತೊಡಗಿದರು. ಒಬ್ಬ ಕೂತೇಬಿಟ್ಟ. ಹವಾಲ್ದಾರರು ಕಲಿಸಿದ, ಕಾಲಗಲಿಸಿ ಆರಾಮಾಗಿ ನಿಲ್ಲುವ "ಟಂಡಟೀಸ್" ಮಾತ್ರ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಆ ವಾರವಿಡೀ ನಾವು ಸುಮ್ಮನೆ ಟಂಡಟೀಸಿನಲ್ಲೇ ನಿಂತೆವು.

ಡ್ರಿಲ್ ಹೀಗಾಯಿತಲ್ಲ, ಹೆಲ್ತನ್ನಾದರೂ ಜೋರಾಗಿ ಮಾಡೋಣ ಎಂದುಕೊಂಡೆ. ತಪ್ಪಾಗಿದ್ದೇ ಅಲ್ಲಿ.

ಉಗುರಿನ ಕೊಳೆಯಲ್ಲಿ ಹುಳದ ಮೊಟ್ಟೆ ಇರುತ್ತದೆ, ಅದು ಹೊಟ್ಟೆಗೆ ಹೋಗಿ ಮರಿ ಮಾಡುತ್ತದೆ ಎಂದು ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ಹುಳದ ಚಿತ್ರವನ್ನೂ ಬರೆದೆ. ಹಿಂದಿನ ಸಾಲಿಗೂ ಕಾಣಲಿ ಎಂದು ಸ್ವಲ್ಪ ದೊಡ್ಡದಾಗಿಯೇ ಬರೆದೆ. ಅದು ಹೆಬ್ಬಾವಿನಷ್ಟಾಯಿತು. ಮೀಸೆಯೊಂದು ಬಾಕಿ. ಆ ಮಧ್ಯಾಹ್ನ ಮಕ್ಕಳು ಬುತ್ತಿ ಬಿಚ್ಚುವ ಮುಂಚೆ ತೊಟ್ಟಿಯ ಹತ್ತಿರ ಕೈ ಉಜ್ಜಿದ್ದನ್ನು ನೀವು ನೋಡಬೇಕಿತ್ತು!

ಉತ್ಸಾಹ ಬಂತು. ಮಕ್ಕಳು ದೊಡ್ಡವರ ಚುನಾವಣೆಯನ್ನು ಹೊಸದಾಗಿ ಕಂಡಿದ್ದರು. ನಾವೂ ಒಂದು ಮಾಡೋಣ, ಒಬ್ಬ ಆರೋಗ್ಯ ಮಂತ್ರಿಯನ್ನು ಆರಿಸೋಣ ಎಂದೆ. ನಮ್ಮ ಕೊಡಗು ರಾಜ್ಯಕ್ಕೆಲ್ಲ ಸೇರಿ ಇಬ್ಬರೇ ಮಂತ್ರಿಗಳು. ನಮ್ಮ ಶಾಲೆಗೆ ಒಬ್ಬರಿದ್ದರೆ ಹೆಚ್ಚಾಯಿತೆ? ಇಬ್ಬರು ನಿಂತರು. ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ, ಓಟಿಗೆ ಕಾಫಿ ಬೀಜ. ಎಣಿಸಿದಾಗ ಮರಿಗೌಡ ಎಂಬ ಹುಡುಗನ ಡಬ್ಬಿಯಲ್ಲಿ, ಇಡೀ ಶಾಲೆಯಲ್ಲಿ ಇರುವ ಮಕ್ಕಳಿಗಿಂತ ಹೆಚ್ಚು ಬೀಜ ಸಿಕ್ಕವು. (ಅವನಿಗೆ ಒಳ್ಳೆಯ ಭವಿಷ್ಯವಿದೆ.) ಅವನನ್ನು ತೆಗೆದುಹಾಕಿ, ಮೂರನೇ ಕ್ಲಾಸಿನ ಸಾವಿತ್ರಿಯನ್ನು ಮಂತ್ರಿ ಎಂದು ಸಾರಿದೆ.

ಸಾವಿತ್ರಿ ಪಟೇಲರ ಮೊಮ್ಮಗಳು.

ರೂಲು ನಾನೇ ಮಾಡಿದ್ದು. ಮಂತ್ರಿಗಳು ದಿನಾ ಉಗುರು, ಹಲ್ಲು, ತಲೆ ನೋಡಬೇಕು. ಫೇಲಾದವರು ತೊಳೆದುಕೊಂಡು ಬಂದು, ಮೈದಾನ ಒಂದು ಸುತ್ತು ಓಡಬೇಕು. ಆರೋಗ್ಯವೂ ಆಯಿತು, ಡ್ರಿಲ್ಲೂ ಆಯಿತು! ಎಲ್ಲರಿಗೂ ಒಂದೇ ರೂಲು ಎಂದು ಎದೆಯುಬ್ಬಿಸಿ ಭಾಷಣ ಬೇರೆ ಮಾಡಿದೆ. ಈ ರೂಲು ಶಾಲೆಯ ಗೇಟಿನವರೆಗೆ ಮಾತ್ರ ಎಂದು ಹೇಳುವುದು ಮರೆತೆ.

ಶನಿವಾರ ಬೆಲ್ ಹೊಡೆದು ಇನ್ನೂ ಪ್ರಾರ್ಥನೆ ಮುಗಿದಿರಲಿಲ್ಲ. ಪಟೇಲರು ಬಂದರು. ಕೊಡೆಯನ್ನು ದೊಣ್ಣೆಯ ಹಾಗೆ ಹಿಡಿದಿದ್ದರು.

"ಯಾರ್ರೀ ಅದು, ನನ್ನ ಮೊಮ್ಮಗಳ ತಲೆಗೆ ಹುಳ ಬಿಟ್ಟೋರು?"

ಬೆಳ್ಳಿಯಪ್ಪನವರು ತೋರುಬೆರಳಿನಿಂದ ನನ್ನನ್ನು ತೋರಿಸಿದರು. ಮಿಂಚಿನ ವೇಗ! ಆ ಮನುಷ್ಯ ಇಷ್ಟು ಚುರುಕಾಗಿ ಕೈಯಾಡಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಏನಾಯ್ತು ಪಟೇಲ್ರೇ?" ಎಂದೆ.

ಆಗಿದ್ದು ಇಷ್ಟು. ಪಟೇಲರ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಮೊದಲ ತುತ್ತು ಸಾವಿತ್ರಿಗೆ. ತಾತನೇ ಕಲಸಿ, ಅವಳ ಬಾಯಿಗಿಟ್ಟು, ಆಮೇಲೆ ತಾವು ಉಣ್ಣುವುದು. ಅವಳಿಗೆ ಹಲ್ಲು ಬಂದಾಗಿನಿಂದ ನಡೆದುಬಂದದ್ದು. ಗುರುವಾರ ರಾತ್ರಿ ತಾತ ತುತ್ತು ಎತ್ತಿದಾಗ ಮಂತ್ರಿಗಳು, "ತಾತ, ಮೊದ್ಲು ಉಗುರು ತೋರ್ಸು" ಎಂದರಂತೆ. ನೋಡಿ, "ಫೇಲು. ಇದ್ರೊಳ್ಗೆ ಹುಳ ಸಂಸಾರ ಮಾಡ್ತಾ ಅವೆ" ಎಂದು ತೀರ್ಪು ಕೊಟ್ಟರಂತೆ. ತುತ್ತು ತಟ್ಟೆಗೆ ವಾಪಸಾಯಿತು.

ಅಷ್ಟಾಗಿದ್ದರೆ ಪಟೇಲರು ಸಹಿಸುತ್ತಿದ್ದರೋ ಏನೋ. ಆದರೆ ಶುಕ್ರವಾರ ಶನಿವಾರಸಂತೆಯಿಂದ ಅವರ ಬೀಗರು ಬಂದರು. ಸಾವಿತ್ರಿಯ ತಾಯಿಯ ಅಪ್ಪ, ಬಟ್ಟೆ ಅಂಗಡಿಯವರು. ಮಂತ್ರಿಗಳು ಅವರ ಉಗುರನ್ನೂ ನೋಡಿದರು. ಪಾಸು! ಪಟೇಲರ ಮನೆಯ ಅಡುಗೆಮನೆಯಲ್ಲಿ, ಪಟೇಲರ ಕಣ್ಣೆದುರಿಗೇ, ಪಟೇಲರ ಮೊಮ್ಮಗಳು ಬೀಗರ ಕೈಯಿಂದ ತುತ್ತು ತಿಂದಳು.

"ಬಟ್ಟೆ ಅಳೆಯೋರ ಉಗುರಲ್ಲಿ ಕೊಳೆ ಎಲ್ಲಿಂದ ಬರ್ಬೇಕ್ರೀ?" ಪಟೇಲರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ಗದ್ದೆ ಮಣ್ಣಲ್ಲಿ ಕೈ ಇಡೋನು ನಾನು! ಅವ್ನು ಪಾಸು, ನಾನು ಫೇಲಾ? ಅದೂ ಅವ್ನ ಎದುರ್ಗೆ?"

ಆಮೇಲೆ ಕೊಡೆಯನ್ನು ಮೈದಾನದ ಕಡೆ ಚಾಚಿದರು.

"ನೋಡಿ, ಈ ಮೈದಾನ ನನ್ದು. ಮಕ್ಕಳು ಆಡ್ಲಿ ಅಂತ ಬಾಯ್ಮಾತಲ್ಲಿ ಬಿಟ್ಟಿದೀನಿ. ಸೋಮವಾರ ಬೇಲಿ ಹಾಕಿಸ್ತೀನಿ. ಕಿತ್ತಳೆ ಸಸಿ ರೆಡಿ ಇದಾವೆ."

ಮೈದಾನ ಹೋದರೆ ನಮಗೆ ಉಳಿಯುವುದು ಜಗಲಿ ಮಾತ್ರ. ಮಳೆಗಾಲವಿಡೀ ಕಿಟಕಿಯಿಂದ ಆ ಹುಲ್ಲನ್ನು ನೋಡುತ್ತಾ ಕಾದು, ಬಿಸಿಲು ಬಿದ್ದ ಕೂಡಲೇ ಕರು ಬಿಟ್ಟ ಹಾಗೆ ಓಡುವ ಮಕ್ಕಳು ಅವು. ನಾನು ಕ್ಷಮೆ ಕೇಳಿ, ರೂಲು ವಾಪಸು ತೆಗೆದುಕೊಂಡು ಬಿಡೋಣ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಪಟೇಲರೇ, ಸ್ವಲ್ಪ ತಗ್ಗಿದ ದನಿಯಲ್ಲಿ, "ಅದ್ಕೇ ಇವತ್ತು ಎಲ್ಲರ ಎದುರ್ಗೂ ಇನ್ನೊಂದ್ಸಲ ನೋಡ್ಬೇಕು ಅವ್ಳು" ಎಂದರು.

ಏನು? ಜಗಳಕ್ಕಲ್ಲವೆ ಇವರು ಬಂದಿದ್ದು? ಅಲ್ಲ ಸ್ವಾಮಿ. ಮರುಪರೀಕ್ಷೆಗೆ! ಆಗ ನೋಡಿದೆ. ಉಗುರುಗಳನ್ನು ಬುಡದವರೆಗೂ ಕತ್ತರಿಸಿದ್ದರು. ಅಡಕೆ ಕತ್ತರಿಯಲ್ಲಿ ಇರಬೇಕು, ಹೆಬ್ಬೆರಳಿಗೆ ಗಾಯವಾಗಿ ಬಟ್ಟೆ ಸುತ್ತಿತ್ತು.

ಸಾವಿತ್ರಿ ಮುಂದೆ ಬಂದಳು. ಮನೆಯಲ್ಲಿ "ತೋರ್ಸು" ಎನ್ನುವ ಹುಡುಗಿ ಇಲ್ಲಿ ಗಂಭೀರವಾಗಿ, "ಕೈ ತೋರ್ಸಿ" ಎಂದಳು. ಪಟೇಲರು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಚಾಚಿದರು. ನಾನು ಮೊದಲಿಗೆ ಹೇಳಿದ ದೃಶ್ಯ ಇದೇ.

ಕೊನೆಯ ಕಿರುಬೆರಳೂ ಆಯಿತು. "ಪಾಸು" ಎಂದಳು.

ಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು. ಪಟೇಲರ ಮುಖ ಅರಳಿತು. ಬೆಳ್ಳಿಯಪ್ಪನವರು ನನ್ನ ಹಿಂದಿನಿಂದ ಹೊರಗೆ ಬಂದರು. ಎಲ್ಲ ಸುಖವಾಗಿ ಮುಗಿಯಿತು ಅನ್ನುವಷ್ಟರಲ್ಲಿ ಮಂತ್ರಿಗಳು ಇನ್ನೊಂದು ಮಾತು ಹೇಳಿದರು.

"ಬಾಯಿ ತೆರೀರಿ."

ಬಾಯಿಯೊಳಗೆ ಎಲೆಯಡಿಕೆ, ಹೊಗೆಸೊಪ್ಪು ಎರಡೂ ಇದ್ದವು. ಪಟೇಲರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಅವರು ತೊಟ್ಟಿಯ ಹತ್ತಿರ ಹೋಗಿ, ಚಿಪ್ಪಿನಲ್ಲಿ ನೀರು ಮೊಗೆದು, ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಬಂದರು. ಎಷ್ಟು ವರ್ಷಗಳ ಕೆಂಪೋ, ಹೋಗುತ್ತದೆಯೆ?

"ಫೇಲು. ಒಂದು ಸುತ್ತು ಓಡ್ಬೇಕು."

ಬೆಳ್ಳಿಯಪ್ಪನವರು ಓಡಿ ಬಂದು, "ಅಯ್ಯೋ, ಪಟೇಲ್ರಿಗೆಲ್ಲ ಆ ರೂಲು ಇಲ್ಲ ಮಗಾ!" ಎಂದರು.

ಸಾವಿತ್ರಿ ಅವರ ಕಡೆ ತಿರುಗಲೇ ಇಲ್ಲ. ನನ್ನ ಮುಖ ನೋಡಿದಳು. "ಎಲ್ಲರಿಗೂ ಒಂದೇ ರೂಲು ಅಂತ ನೀವೇ ಹೇಳಿದ್ರಿ ಅಲ್ವಾ, ಮೇಷ್ಟ್ರೇ?"

ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಒಂದು ಕಡೆ ಮೈದಾನ. ಇನ್ನೊಂದು ಕಡೆ ಆ ಎರಡು ಕಣ್ಣು. ಇಲ್ಲ ಎಂದರೆ ಮೈದಾನ ಉಳಿದೀತು. ಆದರೆ ನಾಳೆಯಿಂದ ನಾನು ಏನು ಹೇಳಿದರೂ ಆ ಹುಡುಗಿ ತಲೆಯಾಡಿಸುತ್ತಾಳೆಯೇ ಹೊರತು ನಂಬುವುದಿಲ್ಲ.

"ಹೇಳಿದ್ದೆ" ಎಂದೆ. "ಎಲ್ಲರಿಗೂ ಒಂದೇ."

ಪಟೇಲರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಪಂಚೆಯನ್ನು ಎತ್ತಿ ಕಟ್ಟಿದರು. "ಹಂಗಾದ್ರೆ ನೀವೂ ಬನ್ನಿ."

"ನಾನ್ಯಾಕೆ? ನಾನು ಫೇಲಾಗಿಲ್ವಲ್ಲ!"

"ಡ್ರಿಲ್ ಮೇಷ್ಟ್ರು ತಾನೆ ನೀವು? ಹೆಂಗೆ ಓಡೋದು ಅಂತ ತೋರ್ಸಿ."

ಓಡಿದೆವು. ಅವರು ಓಡಿದರು, ನಾನು ಅವರ ಕೊಡೆ ಹಿಡಿದುಕೊಂಡು ಹಿಂದಿನಿಂದ ಉರುಳಿದೆ ಎನ್ನುವುದು ಸರಿ. ಗದ್ದೆಯ ಬದುವಿನ ಮೇಲೆ ನಡೆದ ಕಾಲುಗಳು ಅವು. ನನ್ನವು ಕುರ್ಚಿಯ ಕೆಳಗೆ ಬೆಳೆದವು. ಮೈದಾನದ ಆಚೆ ತುದಿ ಮುಟ್ಟುವಷ್ಟರಲ್ಲಿ ನಾನು ಒಂದು ಮರ ಹಿಡಿದು ನಿಂತುಬಿಟ್ಟೆ. ಪಟೇಲರೂ ನಿಂತರು. ಮಕ್ಕಳ ಕೇಕೆ ದೂರದಲ್ಲಿ ಕೇಳುತ್ತಿತ್ತು.

"ಮೇಷ್ಟ್ರೇ" ಎಂದರು, ಬೇರೆಯದೇ ದನಿಯಲ್ಲಿ. "ಅವ್ಳ ಬಾಯಿಗೆ ಒಂದು ತುತ್ತು ಇಡ್ದೆ ನನಗೆ ಊಟ ಇಳಿಯಲ್ಲ. ಗುರುವಾರದಿಂದ ಸುಮ್ನೆ ಕೈ ತೊಳ್ದು ಏಳ್ತಾ ಇದೀನಿ. ಮನೇಲಿ ಯಾರಿಗೂ ಹೇಳಿಲ್ಲ."

ಮೈದಾನವನ್ನೇ ಕಿತ್ತುಕೊಳ್ಳಲು ಹೊರಟ ಮನುಷ್ಯ, ಎಂಟು ವರ್ಷದ ಹುಡುಗಿಯ ಒಂದು ತುತ್ತಿಗೆ ಉಪವಾಸ ಬಿದ್ದಿದ್ದರು.

"ಹೊಗೆಸೊಪ್ಪು ಬಿಟ್ಬಿಡಿ ಪಟೇಲ್ರೇ, ಪೂರ್ತಿ ಪಾಸಾಗ್ತೀರಿ" ಎಂದೆ, ಏದುಸಿರು ಬಿಡುತ್ತಾ.

"ಅದು ಬಿಟ್ರೂ ಊಟ ಇಳಿಯಲ್ಲವಲ್ರೀ!"

ಇಬ್ಬರೂ ನಕ್ಕೆವು. ಉಳಿದ ಅರ್ಧ ಸುತ್ತನ್ನು ನಡೆದೇ ಮುಗಿಸಿದೆವು. ಮಂತ್ರಿಗಳು ಅದನ್ನು ಗಮನಿಸಿದರೂ ದೊಡ್ಡ ಮನಸ್ಸು ಮಾಡಿ ಬಿಟ್ಟರು. ಪಟೇಲರು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಈಗ ಹೇಳವ್ವ, ರಾತ್ರಿ ನನ್ನ ಕೈಲಿ ಉಣ್ತೀಯೋ ಇಲ್ವೋ?" ಎಂದು ಕೇಳಿದರು. ಊರಿಗೆಲ್ಲ ಆರ್ಡರ್ ಮಾಡುವ ದನಿ ಅದಲ್ಲ.

ಸಾವಿತ್ರಿ ಅವರ ಕೈಯನ್ನೂ ಬಾಯಿಯನ್ನೂ ಇನ್ನೊಮ್ಮೆ ನೋಡಿದಳು. ಕಾನೂನಿನ ಪ್ರಶ್ನೆಯಲ್ಲವೆ?

"ಕೈ ಪಾಸಾಗಿದೆ. ತುತ್ತು ತಿನ್ತೀನಿ. ಬಾಯಿ ಫೇಲಾಗಿದೆ. ಮುತ್ತು ಕೊಡಂಗಿಲ್ಲ."

ಪಟೇಲರು ಅಷ್ಟು ಸಿಕ್ಕಿದ್ದೇ ಸಾಕು ಎಂದು ಕೊಡೆ ಇಸಿದುಕೊಂಡು ಸಂತೆಯ ಬಸ್ಸಿಗೆ ಹೊರಟರು. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡರಂತೆ.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೋದರೆ ಏನು ನೋಡುವುದು? ಪಟೇಲರ ಆಳುಗಳು ಮೈದಾನದ ಸುತ್ತ ಗುಂಡಿ ತೋಡಿ ಗೂಟ ನೆಡುತ್ತಿದ್ದಾರೆ! ಕಿತ್ತಳೆ ಸಸಿ ಎಲ್ಲಿ ಎಂದು ಹುಡುಕಿದೆ. ಒಂದೂ ಇಲ್ಲ. ಶಾಲೆಯ ಕಡೆಗೆ, ಮಕ್ಕಳು ನುಗ್ಗುವಷ್ಟು ಅಗಲದ ಬಾಗಿಲು ಬಿಟ್ಟಿದ್ದರು.

"ಏನಪ್ಪಾ ಇದು?" ಎಂದು ಆಳನ್ನು ಕೇಳಿದೆ.

"ದನ ಒಳಗ್ ಬರ್ದಂಗೆ ಬೇಲಿ ಸಾಮಿ. ಸೆಗಣಿ ತುಳಿದ್ರೆ ಕಾಲೂ ಫೇಲಾಯ್ತದಂತೆ. ಸಾವಿತ್ರವ್ವೋರ ಆರ್ಡ್ರು."

ಹೊಗೆಸೊಪ್ಪು ಮಾತ್ರ ಇನ್ನೂ ಪೂರ್ತಿ ನಿಂತಿಲ್ಲ. ಮಂತ್ರಿಗಳು ಶಾಲೆಗೆ ಹೊರಟ ಮೇಲೆ ಹಾಕಿಕೊಂಡು, ಅವರು ಬರುವ ಹೊತ್ತಿಗೆ ಬೇವಿನಕಡ್ಡಿ ಹಿಡಿದು ಜಗಲಿಯಲ್ಲಿ ಕೂರುತ್ತಾರೆ ಎಂದು ಸುದ್ದಿ. ಉಳಿದ ಮನೆಗಳಲ್ಲೂ ನೆಮ್ಮದಿಯಿಲ್ಲ. ಮಗ ಕಾಯಿಸದ ನೀರು ಕುಡಿಯುತ್ತಿಲ್ಲ, ಸೌದೆ ನೀವು ಕಳಿಸುತ್ತೀರಾ ಎಂದು ಒಬ್ಬ ತಾಯಿ ನನ್ನ ಹೆಂಡತಿಯನ್ನು ಬಾವಿಕಟ್ಟೆಯಲ್ಲಿ ತರಾಟೆಗೆ ತೆಗೆದುಕೊಂಡಳು. ಬೆಳ್ಳಿಯಪ್ಪನವರು ಈಗೀಗ ಕೋಟಿನ ಜೇಬಿನಿಂದ ಕೈ ತೆಗೆಯುವುದೇ ಇಲ್ಲ.

ನಿನ್ನೆ ಅವರು ನನ್ನನ್ನು ಮತ್ತೆ ರೂಮಿಗೆ ಕರೆದರು. ಆರೋಗ್ಯದ ಪುಸ್ತಕ ಅವರ ಮುಂದೆ ತೆರೆದಿತ್ತು. ಮುಂದಿನ ಪಾಠದ ಹೆಸರು "ಮದ್ಯಪಾನದ ಕೆಡುಕುಗಳು."

"ಮೇಷ್ಟ್ರೇ, ದಮ್ಮಯ್ಯ" ಎಂದರು. "ಹಬ್ಬ ಹತ್ರ ಬಂತು, ಮನೆಮನೇಲೂ ಬಾಟ್ಲಿ ಇಳಿಯೋ ಕಾಲ. ಇದೊಂದು ಪಾಠ ಹಾರಿಸಿ, ಹಲ್ಲುಜ್ಜೋದನ್ನೇ ಇನ್ನೊಂದ್ಸಲ ಮಾಡಿ."

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಪಾಠ ಹೇಳುವುದೇನು ಮಹಾ ಕಷ್ಟ ಸ್ವಾಮಿ? ಮಕ್ಕಳು ಅದನ್ನು ನಿಜವಾಗಿಯೂ ಕಲಿತುಬಿಟ್ಟರೆ, ನಾವು ದೊಡ್ಡವರು ಎಲ್ಲಿಗೆ ಹೋಗೋಣ?