ಮೂರು ಒಲೆಯ ಬಯಲು ಸಾಲಿ

ಹುಬ್ಬಳ್ಳಿಯಲ್ಲಿ ನಸುಕಿಗೇ ಚಕ್ಕಡಿ ಹೂಡಿದರೂ ಸುಳ್ಳದ ಕೆರೆ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಕೆರೆಯ ದಂಡೆಗೆ ಹತ್ತಿಕೊಂಡು, ಉಳವಪ್ಪನೆಂಬ ರೈತನು ದನ ಮೇಯಲೆಂದು ಬೀಳುಬಿಟ್ಟ ನೆಲವಿತ್ತು. ಅಲ್ಲಿ ತ್ರ್ಯಂಬಕ ಮಾಸ್ತರರ ಬಯಲು ಸಾಲಿ ನಡೆಯುತ್ತಿತ್ತು. ಸಾಲಿ ಎಂದರೆ ಕಟ್ಟಡವೇನೂ ಇರಲಿಲ್ಲ. ನಾಲ್ಕು ಡೇರೆ, ಒಂದು ಬನ್ನಿಯ ಗಿಡ, ಗಿಡಕ್ಕೆ ತೂಗುಬಿಟ್ಟ ಗಂಟೆ. ಹುಬ್ಬಳ್ಳಿಯ ಸಾಲಿಗಳ ಮಕ್ಕಳು ತಂಡತಂಡವಾಗಿ ಬಂದು, ಮೂರು ದಿನ ಇದ್ದು, ಹಕ್ಕಿ, ಹುಳು, ಮಣ್ಣು, ರಾತ್ರಿಯ ಆಕಾಶದ ಚಿಕ್ಕೆಗಳನ್ನು ಕಣ್ಣಾರೆ ನೋಡಿ ಹೋಗುತ್ತಿದ್ದರು.

ಮಾಸ್ತರರು ಧಾರವಾಡದವರು. ಅವರ ಮನೆತನದಲ್ಲಿ ಕಚೇರಿಯ ನೌಕರಿಗೆ ಹೋಗದಿದ್ದವರು ಸಾಲಿಯಲ್ಲಿ ಕಲಿಸಲು ಹೋಗುತ್ತಿದ್ದರು, ಅಷ್ಟೇ. ಇವರೂ ಹುಬ್ಬಳ್ಳಿಯ ಸಾಲಿಗೆ ಬಂದು ಸೇರಿದರು. ಸೃಷ್ಟಿಪಾಠದ ಪುಸ್ತಕದಲ್ಲಿ ಬಾತುಕೋಳಿಯ ಚಿತ್ರ ತೋರಿಸುತ್ತಿದ್ದಾಗ, ಆ ಹಕ್ಕಿಯನ್ನು ತರಗತಿಯ ಒಬ್ಬ ಹುಡುಗನೂ ನೋಡಿಲ್ಲವೆಂದು ತಿಳಿದು, ಒಂದು ರವಿವಾರ ಎಲ್ಲರನ್ನೂ ಸುಳ್ಳದ ಕೆರೆಗೆ ಕರೆದೊಯ್ದರು. ಅದೇ ಬೆಳೆದು ಹೀಗಾಯಿತು. ಶಿಕ್ಷಣ ಸಂಸ್ಥೆಯೊಂದು ಅದನ್ನು ಕೈಗೆತ್ತಿಕೊಂಡು, ನಡೆಸುವ ಭಾರವನ್ನು ಮಾಸ್ತರರ ಹೆಗಲಿಗೇ ಬಿಟ್ಟಿತು.

ಮಳೆಗಾಲದಲ್ಲಿ ಅಲ್ಲಿಯ ಎರೆಮಣ್ಣು ಚಕ್ಕಡಿಯ ಗಾಲಿಯನ್ನೇ ನುಂಗುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬಿರುಕುಬಿಟ್ಟು ಹಕ್ಕಿಗಳೂ ಹಾರಿಹೋಗುತ್ತಿದ್ದವು. ಆದ್ದರಿಂದ ದಸರೆಯಿಂದ ಹೋಳಿಯವರೆಗೆ ಮಾತ್ರ ಸಾಲಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಡೇರೆ ಹೊಡೆಸಬೇಕು. ಗಾಳಿ ಬೀಸಿ ಹೋಗುವ ದಿಕ್ಕಿಗೆ, ಕೆರೆಯಿಂದ ದೂರ, ಬಹಿರ್ದೆಸೆಗೆ ತಗ್ಗು ತೋಡಿಸಬೇಕು. ಮಲಗುವ ಮುಂಚೆ ಹಾಸಿಗೆಗಳನ್ನು ಝಾಡಿಸಿ ಚೇಳು ನೋಡಬೇಕು. ಅವ್ವನನ್ನು ನೆನೆದು ಅಳುವವನ ಬಳಿ ಕೂಡಬೇಕು. ಪಾಠ ಹೇಳುವುದೆಂಬುದು ಇದರಲ್ಲಿ ಎಲೆಯ ತುದಿಯ ಉಪ್ಪಿನಕಾಯಿಯಷ್ಟು. ಡೇರೆಗಳ ಕೆಲಸವನ್ನು ಹಳೇ ಹುಬ್ಬಳ್ಳಿಯ ಮಕಬೂಲಸಾಬ ನೋಡಿಕೊಳ್ಳುತ್ತಿದ್ದ. ತಾಡಪತ್ರಿ ಹೊಲಿಯುವುದು ಅವನ ಕಸುಬು.

ಆದರೆ ಮಾಸ್ತರರನ್ನು ನಿಜವಾಗಿ ಹಣ್ಣು ಮಾಡಿದ್ದು ಒಲೆಗಳು. ತಂದೆತಾಯಿಗಳಿಂದ ತಕರಾರು ಬರಬಾರದೆಂದು ಅವರೇ ಮೊದಲ ವರ್ಷ ಮೂರು ಒಲೆ ಹೂಡಿಸಿದ್ದರು. ಬ್ರಾಹ್ಮಣರ ಮಕ್ಕಳಿಗೆ ವೆಂಕಣ್ಣ ಮಡಿಯುಟ್ಟು ಬೇಯಿಸುತ್ತಿದ್ದ. ಲಿಂಗವಂತರ ಮಕ್ಕಳಿಗೆ ಮಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಮುಸಲ್ಮಾನರ ಮಕ್ಕಳಿಗೆ ಮಕಬೂಲಸಾಬನ ಹೆಂಡತಿ ಹುಸೇನಬಿ. ಊರ ಹೊರಗಿನ ಕೇರಿಯ ಮಕ್ಕಳನ್ನು ಯಾರೂ ಕರೆಯುತ್ತಲೇ ಇರಲಿಲ್ಲ. ಆ ಮಾತನ್ನು ಮಾಸ್ತರರೂ ಎತ್ತಿರಲಿಲ್ಲ. ಮೂರು ಒಲೆಗೆ ಮೂರು ಜೊತೆ ಪಾತ್ರೆ, ಮೂರು ಕೊಡ, ಮೂರು ಕಟ್ಟಿಗೆಯ ಹೊರೆ. ಯಾರ ಸೌಟು ಯಾರ ಗಡಿಗೆಗೆ ತಾಗಿತೆಂಬ ವ್ಯಾಜ್ಯವನ್ನು ಬಗೆಹರಿಸಿ ಮಾಸ್ತರರು ಕೆರೆಗೆ ಬರುವಷ್ಟರಲ್ಲಿ, ತೋರಿಸಬೇಕೆಂದಿದ್ದ ಹಕ್ಕಿ ಎದ್ದು ಹೋಗಿರುತ್ತಿತ್ತು.

ಯುದ್ಧ ನಡೆದು, ಕಾಳು ರೇಶನ್ನಿಗೆ ಬಂದ ವರ್ಷ ಸಂಸ್ಥೆಯ ಕಾರ್ಯದರ್ಶಿಗಳು ಮಾಸ್ತರರನ್ನು ಕರೆಸಿದರು. ಅವರ ಹೆಸರು ಪಂಢರಿನಾಥರಾಯರು. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಮೂರು ಒಲೆಗೆ ಕಾಳುಕಡಿ ಒದಗಿಸುವುದು ಇನ್ನು ಸಾಧ್ಯವಿಲ್ಲ, ಒಂದೇ ಒಲೆಯಲ್ಲಿ ನಡೆಸಬೇಕು, ಇಲ್ಲವಾದರೆ ಮುಚ್ಚಬೇಕು ಎಂದರು. ಒಂದೇ ಒಲೆಯೆಂದರೆ ಯಾರ ಒಲೆ? ಮಾಸ್ತರರು ಈ ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು.

ಅವರ ಹೆಂಡತಿ ಅಂಬಾಬಾಯಿ ಒಳಗೆ, ಊರಿಗೆ ಹೊರಟಿದ್ದ ತಮ್ಮನಿಗೆ ಬುತ್ತಿ ಕಟ್ಟುತ್ತಿದ್ದರು. ಗಂಡನ ಮಾತು ಕೇಳಿ ತಲೆಯೆತ್ತದೆಯೇ, "ಒಲಿನ ಬ್ಯಾಡ ಬಿಡ್ರಿ. ಅವರವರ ಮನ್ಯಾಗಿನ ಬುತ್ತಿ ಅವರವರು ಕಟಗೊಂಡು ಬರ್ಲಿ," ಎಂದರು.

ಇದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎನಿಸಿತು ಮಾಸ್ತರರಿಗೆ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಪುಡಿ ಮೂರು ದಿನಕ್ಕೆ ಕೆಡುವುದಿಲ್ಲ. ಮನೆಯಲ್ಲಿ ಉಣ್ಣುವ ಪಾಲನ್ನೇ ಕಟ್ಟಿಕೊಡುವುದಾದ್ದರಿಂದ ಹೊಸ ಭಾರವೂ ಇಲ್ಲ. ರಾಯರಂತೂ ಬಹಳ ಮೆಚ್ಚಿದರು. ಅವರವರ ಮನೆಯ ಮಡಿ ಅವರವರ ಗಂಟಿನಲ್ಲಿ ಎಂದರು. ವೆಂಕಣ್ಣ ಮದುವೆಯ ಅಡಿಗೆಗಳಿಗೆ ಹೊರಟುಹೋದ. ಮಾಳವ್ವ ತನ್ನ ಹಂಚನ್ನು ತಾನೇ ಹೊತ್ತುಕೊಂಡು ನಡೆದಳು. ಅವಳ ಬೆನ್ನು ನೋಡುತ್ತ ನಿಂತಾಗ ಮಾತ್ರ ಮಾಸ್ತರರಿಗೆ ಕಸಿವಿಸಿಯಾಯಿತು.

ಎಲ್ಲವನ್ನೂ ಯೋಚಿಸಿದ ಮಾಸ್ತರರು ಬುತ್ತಿಯ ರೀತಿಯನ್ನೇ ಮರೆತಿದ್ದರು. ಆ ಸೀಮೆಯಲ್ಲಿ ಬಯಲಲ್ಲಿ ಬುತ್ತಿ ಬಿಚ್ಚಿದವನು ಬಗಲಲ್ಲಿ ಕುಳಿತವನಿಗೆ ಒಂದು ತುಂಡು ಮುರಿದುಕೊಡದೆ ಬಾಯಿಗಿಡುವುದಿಲ್ಲ. ಕೊಡದೆ ಉಂಡರೆ ಹೊಟ್ಟೆನೋವು ಬರುತ್ತದೆಂದು ಮುದುಕಿಯರು ಹೇಳುವರು. ಒಲೆಯ ಮುಂದೆ ಸಾಲಾಗಿ ಕೂತಾಗ ದೂರ ದೂರವೇ ಇದ್ದ ಮಕ್ಕಳು, ಮೊದಲ ದಿನ ಮಧ್ಯಾಹ್ನವೇ ಬನ್ನಿಯ ನೆರಳಿಗೆ ಗುಂಪಾಗಿ ಬಂದು ಗಂಟು ಬಿಚ್ಚಿದರು.

"ನಿಮ್ಮವ್ವ ರೊಟ್ಟಿ ಬಡದಾಳೋ, ಹಂಚ ಮುರದ ಕೊಟ್ಟಾಳೋ?" ಎಂದು ಒಬ್ಬ, ಬಗಲಿನವನು ಮುರಿದುಕೊಟ್ಟ ತುಂಡನ್ನು ಕಡಿಯುತ್ತ ಕೇಳಿದ.

"ಹಂಗಾರ ಇತ್ತ ಕೊಡು. ನಿನ್ನ ಹಾಲಹಲ್ಲಿಗೆ ಅದು ಆಗೂದಿಲ್ಲ," ಎಂದ ತುಂಡು ಕೊಟ್ಟ ಕಮರುದ್ದೀನನೆಂಬ ಹುಡುಗ, ತನ್ನ ಹಿಂಡಿಯನ್ನು ಅವನ ರೊಟ್ಟಿಯ ಮೇಲೆ ಸುರಿಯುತ್ತ.

ಮಕ್ಕಳನ್ನು ಬೇರೆ ಬೇರೆ ಕೂಡಿಸಲು ಮಾಸ್ತರರು ಏಳಬೇಕೆಂದು ಕೈ ಊರಿದರು. ಮುಂಜಾನೆಯಿಂದ ನಿಂತ ಕಾಲು ಏಳಗೊಡಲಿಲ್ಲ. ಅಷ್ಟರಲ್ಲಿ ಕಮರುದ್ದೀನ ಬಂದು ಅವರ ರೊಟ್ಟಿಯ ಮೇಲೂ ಒಂದು ಚಿಟಿಕೆ ಹಿಂಡಿ ಇಟ್ಟು ಹೋದ. ಮಾಸ್ತರರ ಮನೆತನದಲ್ಲಿ ಬೇರೆ ಜಾತಿಯವರ ಮನೆಯದನ್ನು ಹೀಗೆ ಯಾರೂ ಉಂಡವರಲ್ಲ. ಅದನ್ನು ಹೇಗೆ ತಪ್ಪಿಸಿಕೊಳ್ಳಬೇಕೆಂದು ಯೋಚಿಸುವ ತ್ರಾಣವೂ ಇಲ್ಲದೆ, ಕೆರೆಯ ಕಡೆ ಮುಖ ಮಾಡಿ ಉಂಡುಬಿಟ್ಟರು. ಖಾರ ಹೆಚ್ಚಾಗಿತ್ತು.

ಸುದ್ದಿ ದುರ್ಗದಬೈಲು ಮುಟ್ಟಲು ತಡವಾಗಲಿಲ್ಲ. ರಾಯರು ಮತ್ತೆ ಕರೆಸಿದರು. ಅವರು ಕೆಟ್ಟವರಲ್ಲ, ಗಿರಾಕಿಗಳಿಗೂ ಮಕ್ಕಳ ತಂದೆಗಳಿಗೂ ಉತ್ತರ ಹೇಳಬೇಕಾದವರು. ಬಹಳ ಸೌಮ್ಯವಾಗಿಯೇ ಹೇಳಿದರು.

"ಮಾಸ್ತರ, ಮೂರು ಸಾಲು ಮಾಡಿ ಕೂಡಸ್ರಿ. ಉಣ್ಣೂ ಹೊತ್ತಿನ್ಯಾಗ ನೀವು ನಡುವ ಅಡ್ಡಾಡ್ರಿ. ಅಷ್ಟು ಮಾತು ಕೊಡ್ರಿ, ಸಾಲಿ ನಡೀತದ."

ದೊಡ್ಡ ಮಾತೇನಲ್ಲ. ಇಂಥ ಎಷ್ಟೋ ಮಾತುಗಳನ್ನು ಮಾಸ್ತರರು ಕೊಟ್ಟು ಉಳಿಸಿಕೊಂಡು ಬಂದಿದ್ದರು. ಆದರೆ ಆ ಮಧ್ಯಾಹ್ನದ ಬಿಸಿಲಲ್ಲಿ ರೊಟ್ಟಿಗಳ ಮೇಲೆ ಕಣ್ಣಿಟ್ಟು ಅತ್ತಿಂದಿತ್ತ ತಿರುಗುವ ತಮ್ಮನ್ನೇ ನೆನೆದು ಅವರಿಗೆ ಸಾಕೆನಿಸಿತು.

"ಆಗೂದಿಲ್ರಿ ರಾಯರ."

"ಯಾಕ? ತತ್ತ್ವ ಏನರ ಹಿಡದೀರೇನು?"

"ತತ್ತ್ವ ಅಲ್ರಿ. ದಣದೇನಿ. ಮಕ್ಕಳು ಉಣ್ಣಾಕತ್ತಾಗ ನಾನೂ ಒಂದೀಟು ಕೂಡ್ತೇನಿ. ದಿನದಾಗ ಅದೊಂದ ಹೊತ್ತದ ನನಗ."

ರಾಯರು ನಗಲಿಲ್ಲ. ಅರಿವೆ ಅಳೆಯುವ ಗಜಕಡ್ಡಿಯನ್ನು ತಿರುವುತ್ತ ತೀರ್ಪು ಹೇಳಿದರು: ಅಲ್ಲಿ ಉಣ್ಣುವ ರೀತಿ ಹೀಗಿದೆಯೆಂದು ಎಲ್ಲ ಮನೆಗಳಿಗೂ ತಿಳಿಸೋಣ. ಮುಂದಿನ ತಂಡಕ್ಕೆ ಮಕ್ಕಳನ್ನು ಹೊರುವ ಒಂದು ಚಕ್ಕಡಿಯಾದರೂ ತುಂಬಬೇಕು. ತುಂಬದಿದ್ದರೆ ಸಾಲಿ ಮುಚ್ಚಿತು.

ಮುಂದಿನ ತಂಡ ಹೊರಡಬೇಕಾದ ಮುಂಜಾನೆ ದುರ್ಗದಬೈಲಿನಲ್ಲಿ ಎರಡು ಚಕ್ಕಡಿ ನಿಂತಿದ್ದವು. ಒಂದರಲ್ಲಿ ಡೇರೆಗಳನ್ನು ಹೇರಿ ಮಕಬೂಲಸಾಬ ಕುಳಿತಿದ್ದ. ಇನ್ನೊಂದು ಖಾಲಿ. ಅಂಗಡಿಗಳ ಬಾಗಿಲು ತೆರೆಯಹತ್ತಿದರೂ ಒಂದು ಮಗುವಿನ ಸುಳಿವಿಲ್ಲ. ಯಾರೂ ಬರದಿದ್ದರೆ ಮನೆಗೆ ಹೋಗಿ ಕಾಲು ಚಾಚಿ ಮಲಗಬಹುದೆಂಬ ಆಸೆಯೊಂದು ಮಾಸ್ತರರ ಮನಸ್ಸಿನಲ್ಲಿ ಎದ್ದಿತು. ಅದರ ಹಿಂದೆಯೇ ಅವರು ಓಣಿಯ ತಿರುವಿನವರೆಗೆ ಹೋಗಿ ಇಣುಕಿಬಂದರು.

"ಡೇರೆ ಬಿಡ್ರಿ ಮಾಸ್ತರ, ಮೊದಲ ನಿಮ್ಮ ಮಾರಿ ಹೊಲಿಬೇಕಾಗೇತಿ. ಪೂರಾ ಹರದೈತಿ," ಎಂದ ಮಕಬೂಲಸಾಬ.

ಮೊದಲು ಹಳೇ ಹುಬ್ಬಳ್ಳಿಯ ಓಣಿಗಳಿಂದ ನಾಲ್ಕೈದು ಮಕ್ಕಳು ಬಂದರು. ಆಮೇಲೆ ಇಬ್ಬರು, ಆಮೇಲೆ ಮತ್ತಿಷ್ಟು. ಅಗ್ರಹಾರದ ಕಡೆಯಿಂದ ಯಾರೂ ಬರಲಿಲ್ಲ. ಇನ್ನು ಹೊರಡೋಣವೆನ್ನುವಾಗ ಅಗ್ರಹಾರದ ವಕೀಲರ ಮನೆಯ ಸೊಸೆ ಸುಲಭಾ, ಸೆರಗು ಬಿಗಿದುಕೊಂಡು, ಕಿರಿಯ ಮಗನನ್ನೂ ಅವನ ಇಬ್ಬರು ದಾಯಾದಿ ತಮ್ಮಂದಿರನ್ನೂ ದಬ್ಬಿಕೊಂಡು ಬಂದಳು. ಬುತ್ತಿಯ ಗಂಟು ಹುಡುಗನ ತಲೆಗಿಂತ ದೊಡ್ಡದಿತ್ತು.

"ನಮ್ಮ ಹಿರಿಯಾಂವ ಹೋದ ಸಲ ಎಲ್ಲಾ ಹಂಚಿ ಉಪಾಸ ಬಂದಿದ್ದನ್ರಿ ಮಾಸ್ತರ. ಅದಕ್ಕ ಜಾಸ್ತಿ ಕಟ್ಟೇನಿ," ಎಂದಳು, ಅವರ ಮುಖ ನೋಡದೆ. ರೇಶನ್ನಿನ ದಿನಗಳಲ್ಲಿ ಜಾಸ್ತಿ ಎಲ್ಲಿಂದ ಬಂತೆಂದು ಮಾಸ್ತರರು ಕೇಳಲಿಲ್ಲ.

ಪಂಢರಿನಾಥರಾಯರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಚಕ್ಕಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. ಮಕ್ಕಳು ಒಬ್ಬರ ಮೇಲೊಬ್ಬರು ಕೂತಿದ್ದರು. "ಹೊತ್ತಾತು, ಹೊಂಡ್ರಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಾಸ್ತರರಿಗೆ ಆ ಚಕ್ಕಡಿಯಲ್ಲಿ ಜಾಗ ಉಳಿದಿರಲಿಲ್ಲ. ಡೇರೆಗಳ ಮೇಲೆ ಹತ್ತಿ, ಮೊಣಕಾಲು ಮಡಚಿ ಅಡ್ಡಾದರು. ಸುಳ್ಳ ಬಂದ ಮೇಲೆ ಎಬ್ಬಿಸೆಂದು ಮಕಬೂಲಸಾಬನಿಗೆ ಹೇಳಿ ಕಣ್ಣು ಮುಚ್ಚಿದರು. ಊರು ದಾಟಿರಲಿಲ್ಲ, ಮುಂದಿನ ಚಕ್ಕಡಿಯಲ್ಲಿ ಒಬ್ಬ ಹುಡುಗ ಅವ್ವನನ್ನು ನೆನೆದು ಅಳತೊಡಗಿದ. ಮಾಸ್ತರರು ಒಮ್ಮೆ ನಿಟ್ಟುಸಿರುಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು.