ಸ್ಯಾಂಪಲ್ ಫ್ಲ್ಯಾಟಿನ ಹೊಸ್ತಿಲು

ಡೊಂಬಿವಲಿಯ ಬಾಡಿಗೆ ಖೋಲಿಯಲ್ಲಿರುವ ಸಮಿತನಿಗೆ ಪ್ರತಿ ಖರ್ಚೂ ಇನ್ನೂ ಕೊಳ್ಳದ ಮನೆಯ ಸಾಮಾನಾಗಿ ಕಾಣುತ್ತದೆ: ವಡಾಪಾವ್ ಎಂದರೆ ಒಂದು ಟೈಲ್ಸ್, ಸಿನಿಮಾ ಎಂದರೆ ಒಂದು ಕಿಟಕಿ. ಸ್ಟೇಶನ್ನಿನಿಂದ ಹೊರಬಿದ್ದರೆ ವಡೆಯ ವಾಸನೆಗೆ ಹೆದರಿ ಮೂಗು ಮುಚ್ಚಿಕೊಂಡು ಓಡುತ್ತಾನೆ. "ಒಂದು ವಡೆ ತಿಂದರೆ ಗೋಡೆ ಬೀಳ್ತದಾ ಮಾರಾಯ್ರೆ?" ಎನ್ನುತ್ತಾಳೆ ಹೆಂಡತಿ ಅನುಷ್ಕಾ. "ಬೀಳ್ಲಿಕ್ಕೆ ಮೊದಲು ಏಳಬೇಕಲ್ಲ" ಎನ್ನುತ್ತಾನೆ. ದೀಪಾವಳಿ ಕಳೆದರೆ ಫ್ಲ್ಯಾಟಿನ ದರ ಏರುತ್ತದೆ, ಬುಕಿಂಗಿನ ಹಣ ಇನ್ನೂ ಕೂಡಿಲ್ಲ. ಪಟಾಕಿಯ ಸದ್ದು ಕೇಳಿದರೂ ಪಾಸ್‌ಬುಕ್ಕು ತೆಗೆದು ನೋಡುತ್ತಾನೆ. ಆದರೂ ಭಾನುವಾರ ಬಂತೆಂದರೆ ಘೋಡಬಂದರ್ ರಸ್ತೆಯಲ್ಲಿ ಗಿರಾಕಿಗಳಿಗೆ ತೋರಿಸಲೆಂದೇ ಸಿಂಗರಿಸಿಟ್ಟ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋಗಿ, ಬಿಲ್ಡರನ ಪುಕ್ಕಟೆ ಕಾಫಿಯನ್ನು ಎರಡೆರಡು ಸಲ ಕುಡಿಯುತ್ತಾನೆ. ಬಂದವರೆಲ್ಲ ಬೂಟು ಹಾಕಿಕೊಂಡೇ ಒಳಗೆ ನುಗ್ಗುತ್ತಾರೆ. ಸಮಿತ ಮಾತ್ರ ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಹೋಗುತ್ತಾನೆ.