ಕವರ್ ಮಾಮ ಉಳಿಸಿಟ್ಟ ಪ್ರಾರ್ಥನೆ

ಕವರ್ ಮಾಮನ ಮನೆಯ ಸೋಫಾ ಯಾವ ಬಣ್ಣದ್ದು ಎಂದು ಕೇಳಿದರೆ ಆ ಬೀದಿಯಲ್ಲಿ ಯಾರೂ ತಡವರಿಸುತ್ತಿರಲಿಲ್ಲ. ಹಳೆಯ ಪತ್ರಿಕೆಯ ಬಣ್ಣ ಎನ್ನುತ್ತಿದ್ದರು. ಅದು ಸೋಫಾದ ಬಣ್ಣವಲ್ಲ, ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕಿನ ಬಣ್ಣ ಎಂಬುದು ಸ್ವತಃ ಮಾಮನಿಗೇ ಮರೆತುಹೋಗಿತ್ತು. ಕುಶನ್ ಕೆಲಸದಲ್ಲಿ ಪಳಗಿದ ಕೈ ಅವನದು. ಮದುವೆಯಾದ ಹೊಸತರಲ್ಲಿ ತನ್ನ ಮನೆಗೆಂದು ತಾನೇ ಮರ ಆರಿಸಿ, ಸ್ಪ್ರಿಂಗು ಕಟ್ಟಿ, ಬಟ್ಟೆ ಬಿಗಿದು ಆ ಸೋಫಾ ಮಾಡಿದ್ದ. ಮುಗಿದ ದಿನವೇ ಅದಕ್ಕೊಂದು ದಪ್ಪ ಪ್ಲಾಸ್ಟಿಕ್ಕಿನ ಅಂಗಿ ಹೊಲಿದು ತೊಡಿಸಿದ. ಅಲ್ಲಿಂದಾಚೆಗೆ ಮನೆಯವರೆಲ್ಲ ಅದರ ಎದುರಿಗೆ ಚಾಪೆ ಹಾಸಿ ಕೂತು, ಅದನ್ನು ನೋಡುತ್ತಾ ಬಾಳಿದರು.

ಟಿವಿ ರಿಮೋಟಿಗೂ ಕವರು, ಸೈಕಲ್ಲಿನ ಸೀಟಿಗೂ ಕವರು. ಹೊಸ ಕೊಡೆ ಕೊಂಡ ವರ್ಷ ಮಾಮ ಅದನ್ನು ಕವರಿನಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡು, ಮಳೆಯಲ್ಲಿ ತೊಪ್ಪೆಯಾಗಿ ನೆನೆದು ಮನೆಗೆ ಬಂದ. ಅಂದಿನಿಂದಲೇ ಬೀದಿಯವರು ಅವನಿಗೆ ಈ ಹೆಸರಿಟ್ಟದ್ದು. ಹಾಗೆಂದು ಅವನನ್ನು ಜಿಪುಣ ಎಂದರೆ ನಾಲಿಗೆಗೆ ಪಾಪ. ಕೇಳಿದವರಿಗೆ ಇದ್ದದ್ದನ್ನು ಎತ್ತಿಕೊಟ್ಟು ಬಿಡುವವನು. ಅವನದು ಬೇರೆ ರೋಗ. ಬೇಕಾದ ಹೊತ್ತಿಗೆ ಇಲ್ಲದೆ ಹೋದರೆ ಏನು ಗತಿ ಎಂಬ ಹೆದರಿಕೆ.

ಸೋಫಾಕ್ಕೆ ಮನುಷ್ಯರ ಸಹವಾಸ ಸಿಗುತ್ತಿದ್ದುದು ಪಾಸ್ಟರು ಮನೆಗೆ ಬಂದಾಗ ಮಾತ್ರ. ಒಮ್ಮೆ ಅವರು ಅದರ ಮೇಲೆ ಕೂತು, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಪ್ಲಾಸ್ಟಿಕ್ಕು ನುಣುಪು, ಪಾಸ್ಟರು ಭಾರ. ಪ್ರಾರ್ಥನೆ ಮುಂದುವರಿದಂತೆ ಅವರೂ ಇಷ್ಟಿಷ್ಟೇ ಮುಂದಕ್ಕೆ ಜಾರಿ, ಆಮೆನ್ ಹೇಳುವ ಹೊತ್ತಿಗೆ ನೆಲದ ಮೇಲೆ ಮೊಣಕಾಲೂರಿದ್ದರು. ಎಂಥ ಭಕ್ತಿ ಎಂದು ನೆರೆದವರು ಕಣ್ಣೊರೆಸಿಕೊಂಡರು.

ಇಷ್ಟೇ ಆಗಿದ್ದರೆ ಮಾಮನ ಕಥೆ ಹೇಳುವ ಅಗತ್ಯವಿರಲಿಲ್ಲ. ಮಾಮ ಸೋಫಾವನ್ನು ಕಾಪಾಡಿದ ಹಾಗೆಯೇ ಪ್ರಾರ್ಥನೆಗಳನ್ನೂ ಕಾಪಾಡುತ್ತಿದ್ದ. ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಗೋಲಿ. ಚಿಕ್ಕವನಾಗಿದ್ದಾಗ ಸಂಡೇ ಸ್ಕೂಲಿನಲ್ಲಿ ಅವನ ಗಾಜಿನ ಗೋಲಿ ಕಾಣೆಯಾಯಿತು. ಅವನು ಬೆಂಚಿನ ಮೇಲೆ ಹತ್ತಿ ನಿಂತು, ಗಂಟಲು ಹರಿಯುವಂತೆ ದೇವರನ್ನು ಕರೆದ. ಗೋಲಿಯೇನೋ ಸಿಕ್ಕಿತು, ಅವನದೇ ಚಡ್ಡಿಯ ಜೇಬಿನಲ್ಲಿತ್ತು. ಆದರೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಟೀಚರಮ್ಮ ಆ ಕೂಗಿಗೆ ಬೆಚ್ಚಿಬಿದ್ದು ಕನ್ನಡಕ ಬೀಳಿಸಿಕೊಂಡರು. ಬಂದವರೇ ಕಿವಿ ಹಿಂಡಿ, "ಇಷ್ಟು ಸಣ್ಣದಕ್ಕೆಲ್ಲ ದೇವರನ್ನ ಕರೆದ್ರೆ, ನಾಳೆ ದೊಡ್ಡ ಕಷ್ಟ ಬಂದಾಗ ಏನ್ ಮಾಡ್ತೀಯ?" ಎಂದರು. ಟೀಚರಮ್ಮ ಅದನ್ನು ಮರುಗಳಿಗೆಗೇ ಮರೆತರು. ಹುಡುಗ ಮರೆಯಲಿಲ್ಲ. ದೀಕ್ಷಾಸ್ನಾನದ ದಿನ ಒಬ್ಬೊಬ್ಬರಿಗೆ ಇಂತಿಷ್ಟು ಎಂದು ಪ್ರಾರ್ಥನೆ ಅಳೆದು ಕೊಟ್ಟಿರುತ್ತಾರೆ, ತನ್ನ ಪಾಲಿನದರಲ್ಲಿ ಒಂದನ್ನು ಜೇಬಿನಲ್ಲೇ ಇದ್ದ ಗೋಲಿಗೆ ಹಾಳುಮಾಡಿಬಿಟ್ಟೆ ಎಂದು ಅವನಿಗೆ ಖಾತ್ರಿಯಾಯಿತು. ಉಳಿದದ್ದನ್ನಾದರೂ ಜೋಪಾನ ಮಾಡಬೇಕೆಂದು ಅಂದೇ ತೀರ್ಮಾನಿಸಿದ.

ಆ ಜೋಪಾನವೇ ಒಂದು ಕಸುಬಾಯಿತು. ಚರ್ಚಿನಲ್ಲಿ ಎಲ್ಲರೂ ಸೇರಿ ಪ್ರಾರ್ಥಿಸುವಾಗ ಮಾಮ ತುಟಿ ಮಾತ್ರ ಆಡಿಸುತ್ತಿದ್ದ. ಆಮೆನ್ ಅನ್ನು ಮಾತ್ರ ಕಂಬ ಅದುರುವಂತೆ ಹೇಳುತ್ತಿದ್ದ, ಏಕೆಂದರೆ ಅವನ ಪ್ರಕಾರ ಆಮೆನ್ ಪುಕ್ಕಟೆ. ಮನೆಕೂಟಗಳಲ್ಲಿ ಯಾರಾದರೂ "ನೀವೇ ಒಂದು ಪ್ರಾರ್ಥನೆ ಮಾಡಿ" ಎಂದರೆ ಅವನಿಗೆ ತಕ್ಷಣ ಕೆಮ್ಮು ಬರುತ್ತಿತ್ತು. ಎಷ್ಟು ವಿನಯ ಎಂದು ಜನ ಮೆಚ್ಚಿದರು. ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿ ತಪ್ಪಿ ಬರುವ ಮಾತು. ಬೆರಳಿಗೆ ಸೂಜಿ ಚುಚ್ಚಿದರೆ ಯಾರಾದರೂ ಅಯ್ಯೋ ದೇವರೇ ಎನ್ನುತ್ತಾರೆ. ಮಾಮ ಹಾಗೆ ಸುಮ್ಮನೆ ಒಂದು ಕಳೆದುಕೊಳ್ಳಲು ಸಿದ್ಧನಿರಲಿಲ್ಲ. ಮೊದಲ ಸಲ ಸೂಜಿ ಚುಚ್ಚಿದಾಗ ಕಣ್ಣೆದುರಿಗೆ ಬಾಗಿಲಿತ್ತು. "ಅಯ್ಯೋ ಬಾಗಿಲೇ" ಎಂದ. ಅದೇ ಖಾಯಂ ಆಯಿತು. ಅಂಗಡಿಯಲ್ಲಿ ಕುಶನ್ನಿಗೆ ತುಂಬುವ ತೆಂಗಿನ ನಾರಿಗೆ ಬೆಂಕಿ ಬಿದ್ದ ದಿನವೂ ಮಾಮ "ಅಯ್ಯೋ ಬಾಗಿಲೇ" ಎಂದು ಬೊಬ್ಬೆ ಹೊಡೆದ. ಅಕ್ಕಪಕ್ಕದವರು ಓಡಿಬಂದು ಬಾಗಿಲಿಗೆ ನೀರು ಸುರಿದರು.

ಪಾಸ್ಟರು ಉಪದೇಶದಲ್ಲಿ ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು. ಕ್ರಿಸ್ತನಲ್ಲಿ ನಮಗೆ ಎಲ್ಲವನ್ನೂ ಆಗಲೇ ಕೊಟ್ಟಾಗಿದೆ, ತಂದೆಯ ಮನೆಯಲ್ಲಿ ಮಗ ಹಿತ್ತಲ ಬಾಗಿಲಲ್ಲಿ ನಿಂತು ಬೇಡಬೇಕಾಗಿಲ್ಲ ಎಂದು. ಮಾಮ ತಲೆಯಾಡಿಸುತ್ತಿದ್ದ. ಕೊಟ್ಟಾಗಿದೆ ಎಂದಮೇಲೆ ಇನ್ನು ಕೊಡುವುದಿಲ್ಲ ಎಂದೇ ಅರ್ಥವಲ್ಲವೇ? ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಎಂದುಕೊಂಡು ಕಂಬ ಅದುರಿಸುತ್ತಿದ್ದ.

ಹೆಂಡತಿ ಇದಕ್ಕೆ ತದ್ವಿರುದ್ಧ. ಹಾಲು ಉಕ್ಕಿದರೆ ದೇವರು, ಬೀಗದ ಕೈ ಸಿಗದಿದ್ದರೆ ದೇವರು, ಬಸ್ಸು ತಡವಾದರೆ ದೇವರು. ಪಾತ್ರೆ ತೊಳೆಯುತ್ತಾ ಆ ದಿನ ನಡೆದದ್ದನ್ನೆಲ್ಲ ದೇವರಿಗೆ ಒಪ್ಪಿಸುತ್ತಿದ್ದಳು, ಮಧ್ಯೆ ನಗುತ್ತಿದ್ದಳು ಕೂಡ. ಮಾಮ ಚಾಪೆಯ ಮೇಲೆ ಕೂತು ಇದನ್ನು ಕೇಳಿ ಕೇಳಿ ಒಳಗೇ ಕೊರಗುತ್ತಿದ್ದ. ಇವಳು ಹೀಗೆ ದುಂದು ಮಾಡಿದರೆ ವಯಸ್ಸಾದ ಕಾಲಕ್ಕೆ ಇವಳ ಹತ್ತಿರ ಏನು ಉಳಿಯುತ್ತದೆ? ಬೈಯಲು ಮನಸ್ಸಾಗಲಿಲ್ಲ, ಹೆಂಡತಿಯ ಮೇಲೆ ಅವನಿಗೆ ಅಷ್ಟು ಪ್ರೀತಿ. ಇವಳ ಪಾಲಿನದನ್ನೂ ತಾನೇ ಉಳಿಸುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟ. ಮಗಳು ಹುಟ್ಟುವಾಗ ನೋವು ಜಾಸ್ತಿಯಾದಾಗಲೂ ತಾನು ಬಾಯಿ ಬಿಡದೆ, ಅತ್ತೆಯ ಕೈಲಿ ಪ್ರಾರ್ಥನೆ ಮಾಡಿಸಿ ಸುಧಾರಿಸಿದ.

ಮಗಳೂ ಮದುವೆಯಾಗಿ ಪಕ್ಕದ ಬೀದಿಗೆ ಹೋದ ಮೇಲೆ, ಒಂದು ಬೇಸಿಗೆಯಲ್ಲಿ ಹೆಂಡತಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಎಂದರು. ಮಾಮ, ತಾನು ಕಾದಿದ್ದ ದೊಡ್ಡ ಕಷ್ಟ ಇದೇ ಇರಬೇಕು ಎಂದು ಡಾಕ್ಟರ ಬಳಿಗೆ ಓಡಿದ. ಹೆದರುವಂಥದ್ದೇನಿಲ್ಲ, ಬಹಳ ಚಿಕ್ಕ ಆಪರೇಷನ್ ಎಂದು ಡಾಕ್ಟರು ಬೆನ್ನು ತಟ್ಟಿದರು. ಮಾಮ ಕಂಗಾಲಾದ. ನಿಜವಾಗಿಯೂ ಚಿಕ್ಕದೇ ಎಂದು ಕೇಳಿದ. ಹೌದು ಎಂದರು. ಸ್ವಲ್ಪವೂ ದೊಡ್ಡದಲ್ಲವೇ ಎಂದು ಗೋಗರೆದ. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, ಬಿಪಿ ಪರೀಕ್ಷೆ ಮಾಡಿಸಲು ನರ್ಸಿಗೆ ಹೇಳಿದರು. ಮಾಮ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ನರ್ಸನ್ನೂ ಅದನ್ನೇ ಕೇಳಿದ. ಅವಳೂ ಚಿಕ್ಕದೇ ಎಂದಳು.

ಆಪರೇಷನ್ನಿನ ಬೆಳಿಗ್ಗೆ ಹೆಂಡತಿ ಹಸಿರು ಗೌನು ತೊಟ್ಟು ಮಂಚದ ಮೇಲೆ ಕೂತಿದ್ದಳು. ಅವಳು ಅಷ್ಟು ಸುಮ್ಮನಿದ್ದುದನ್ನು ಮಾಮ ಎಂದೂ ನೋಡಿರಲಿಲ್ಲ.

"ರೀ, ನಂಗ್ಯಾಕೋ ಮಾತೇ ಹೊರಡ್ತಿಲ್ಲ," ಎಂದಳು. "ಬಾಯಿ ತೆಗೆದ್ರೆ ಬರೀ ಹೆದರಿಕೆ ಬರ್ತಿದೆ. ಇವತ್ತೊಂದಿನ ನೀವು ಪ್ರಾರ್ಥನೆ ಮಾಡಿ. ನನಗೆ ಕೇಳೋ ಹಾಗೆ ಮಾಡಿ."

ಮಾಮನಿಗೆ ಮಾಡಿಬಿಡಲೇ ಎನ್ನಿಸಿತು. ಆದರೆ ನಾಳೆ ಇವಳಿಗೇ ಇದಕ್ಕಿಂತ ದೊಡ್ಡದು ಬಂದರೆ? "ಡಾಕ್ಟ್ರು ಚಿಕ್ಕದು ಅಂದ್ರಲ್ಲೇ..." ಎಂದು ಗೊಣಗಿದ.

ಹೆಂಡತಿ ಅವನ ಮುಖವನ್ನೇ ನೋಡಿದಳು. "ಹಾಗಾದ್ರೆ ನಾನು ಸಾಯೋ ಹಾಗಾದ್ರೆ ಮಾತ್ರ ನಿಮಗೆ ದೊಡ್ಡದಾ?"

ಅವಳು ಗೋಡೆಯ ಕಡೆ ತಿರುಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಬೆನ್ನು ಹಾಕಿದ್ದು ಅದೇ ಮೊದಲು. ಮಾಮ ಆ ಬೆನ್ನಿಗೇ ಎಲ್ಲವನ್ನೂ ಹೇಳಿಕೊಂಡ. ಗೋಲಿ, ಟೀಚರಮ್ಮ, ತುಟಿ ಆಡಿಸಿದ್ದು, ಕೆಮ್ಮಿದ್ದು, ಅವಳ ಪಾಲಿನದನ್ನೂ ತಾನೇ ಉಳಿಸುತ್ತಾ ಬಂದದ್ದು, ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತಿದ್ದಂತೆ ಹೆಂಡತಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡ. ನಗುತ್ತಿದ್ದಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ಕಲ್ಲು ನೋಯಿಸಿತು, ಆದರೂ ನಿಲ್ಲಿಸಲಾಗಲಿಲ್ಲ.

"ಗೋಲಿ ಎಲ್ಲಿತ್ತು ಅಂದ್ರಿ?"

"ಜೇಬಲ್ಲಿ."

"ನಾನು ದಿನಾ ಕರೀತೀನಿ. ಮುಗೀತು ಅಂತ ಒಂದಿನಾನೂ ಅನ್ನಿಸ್ಲಿಲ್ಲ ರೀ. ಕರೆದಷ್ಟೂ ಹತ್ರ ಬಂದ, ಅಷ್ಟೇ." ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ನೀವು ನನಗೋಸ್ಕರ ಉಳಿಸಿದ್ದಾ? ಎಂಥ ಗಂಡಪ್ಪ ನೀವು."

ಅಷ್ಟರಲ್ಲಿ ಟ್ರಾಲಿ ಬಂತು. ಮಾಮ ಅದರ ಪಕ್ಕದಲ್ಲೇ ಓಡುನಡಿಗೆಯಲ್ಲಿ ಹೋದ. ಈಗ ಮಾಡುತ್ತೇನೆ, ಅವಳಿಗೆ ಕೇಳುವಂತೆ ಮಾಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಥಿಯೇಟರಿನ ಮುಂದೆ ಟ್ರಾಲಿ ನಿಂತಿತು. ಹೆಂಡತಿ ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದ್ದಳು. ಮಾಮ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು, ಬಾಯಿ ತೆರೆದ. ಅಭ್ಯಾಸ ಕೈ ಕೊಟ್ಟಿತು.

"ಅಯ್ಯೋ ಬಾಗಿಲೇ!"

ಸರಿ ಸರಿ, ತೆಗೆಯುತ್ತೇನೆ, ಅವಸರ ಯಾಕೆ ಎಂದು ಒಳಗಿದ್ದ ಅಟೆಂಡರು ಬಾಗಿಲು ತೆಗೆದ. ಟ್ರಾಲಿ ಒಳಗೆ ಹೋಯಿತು. ಬಾಗಿಲು ಮುಚ್ಚುವವರೆಗೂ ಹೆಂಡತಿಯ ನಗು ಕೇಳುತ್ತಿತ್ತು.

ಮಾಮ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತ. ರೆಕ್ಸಿನ್ನು ಹರಿದು ಸ್ಪಂಜು ಹೊರಗೆ ಬಂದಿದ್ದ ಬೆಂಚು. ಅವಳಿದ್ದಾಗ ಆಗಲಿಲ್ಲ, ಈಗಲಾದರೂ ಮಾಡಬೇಕು. ಆದರೆ ಹೇಗೆ ಶುರುಮಾಡುವುದು? ಚರ್ಚಿನಲ್ಲಿ ಎಲ್ಲರೂ ದೇವರನ್ನು ನೀನು ಎನ್ನುತ್ತಾರೆ. ಮುಖಪರಿಚಯವೂ ಇಲ್ಲದವರನ್ನು ಏಕವಚನದಲ್ಲಿ ಮಾತಾಡಿಸಲು ಮಾಮನಿಗೆ ಸಂಕೋಚ.

"ದೇವರೇ, ನಾನು ಕುಶನ್ ಕೆಲಸದವನು," ಎಂದು ಕೊನೆಗೂ ಶುರುಮಾಡಿದ. "ಹಳೇ ಬಸ್ ಸ್ಟ್ಯಾಂಡ್ ಹಿಂದೆ, ಸೈಕಲ್ ಅಂಗಡಿ ಪಕ್ಕ ನನ್ನ ಅಂಗಡಿ. ನಿಮಗೆ ಗೊತ್ತಿರಲಿಕ್ಕಿಲ್ಲ. ನನ್ನ ಹೆಂಡ್ತಿ ಗೊತ್ತಿರ್ತಾಳೆ. ಹಾಲು ಉಕ್ಕಿದ್ದಕ್ಕೂ ಕರೀತಾಳಲ್ಲ, ಅವಳೇ. ಈಗ ಒಳಗಿದ್ದಾಳೆ. ಇವತ್ತು ಅವಳಿಗೆ ಮಾತು ಹೊರಡ್ತಿಲ್ಲ, ಅದಕ್ಕೆ ನಾನು ಬಂದೆ. ಅವಳನ್ನ ಸ್ವಲ್ಪ ನೋಡ್ಕೊಳ್ಳಿ."

ಹೇಳಿ ಮುಗಿಸಿ, ಒಳಗೆ ಖಾಲಿಯಾಗುವುದನ್ನು ಕಾಯುತ್ತಾ ಕೂತ. ಖಾಲಿಯಾಗಲಿಲ್ಲ. ಅಷ್ಟು ಹೊತ್ತೂ ಪಕ್ಕದಲ್ಲೇ ಯಾರೋ ಕೂತಿದ್ದರು, ತಾನೇ ಇವತ್ತು ಅತ್ತ ತಿರುಗಿದೆ ಎನ್ನುವಂತಾಯಿತು. ಅನುಮಾನ ಬಂದು ಇನ್ನೊಂದು ಸಲ ಕೇಳಿ ನೋಡಿದ. ಹಾಗೇ ಇತ್ತು. ಡಾಕ್ಟರ ಕೈ ನಡುಗದಿರಲಿ ಎಂದು ಕೇಳಿದ. ನರ್ಸಿನ ಚಪ್ಪಲಿ ಕಚ್ಚುತ್ತಿತ್ತು, ಅದಕ್ಕೂ ಒಂದು ಕೇಳಿದ. ಎದುರಿಗೆ ಕೂತಿದ್ದ, ಗುರುತಿಲ್ಲದ ಒಬ್ಬ ಅಜ್ಜನ ಕೆಮ್ಮಿಗೆ ಕೇಳಿದ. ಅವನ ಎದೆಯಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ, ಅದರ ಹಿಂದೆಯೇ ದುಃಖವೂ ಬಂತು. ಮಗಳು ಹುಟ್ಟಿದಾಗ, ಬೆಂಕಿ ಬಿದ್ದಾಗ, ಇಷ್ಟು ದಿನವೂ ಇದು ತನ್ನದೇ ಆಗಿತ್ತಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಾ ಸುಮ್ಮನೆ ಕೂರಲಾರದೆ, ಜೇಬಿನಲ್ಲಿ ಸದಾ ಇರುತ್ತಿದ್ದ ಬಾಗಿದ ಸೂಜಿ ತೆಗೆದು, ಬೆಂಚಿನ ರೆಕ್ಸಿನ್ನು ಹೊಲಿಯತೊಡಗಿದ. ಡಾಕ್ಟರು ಹೊರಗೆ ಬಂದಾಗ ಮಾಮ ನೆಲದ ಮೇಲೆ ಕೂತು, ದಾರ ಕಚ್ಚಿಕೊಂಡು, ಬೆಂಚಿನ ಜೊತೆ ಮಾತಾಡುತ್ತಿದ್ದ. ಎಲ್ಲ ಸುಸೂತ್ರವಾಯಿತು ಎಂದು ಹೇಳಿ, ಅವನ ಬಿಪಿಯನ್ನು ಇನ್ನೊಮ್ಮೆ ನೋಡಲು ನರ್ಸಿಗೆ ತಿಳಿಸಿ ಹೋದರು.

ಹೆಂಡತಿಗೆ ಎಚ್ಚರವಾದಾಗ ಮೊದಲು ಕೇಳಿದ್ದು ಅದನ್ನೇ. ಮಾಡಿದಿರಾ ಎಂದು.

"ಮಾಡ್ದೆ," ಎಂದ ಮಾಮ. "ಈಗ ನಿಲ್ಸೋಕೇ ಆಗ್ತಿಲ್ಲ ಕಣೇ."

ಅವಳು ಮನೆಗೆ ಬರುವ ದಿನ ಮಾಮ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಸೋಫಾದ ಪ್ಲಾಸ್ಟಿಕ್ಕನ್ನು ಉದ್ದಕ್ಕೂ ಸೀಳಿದ. ಅದು ಸುಟ್ಟ ಹಪ್ಪಳದ ಹಾಗೆ ಚೂರುಚೂರಾಗಿ ಉದುರಿತು. ಒಳಗೆ ನೀಲಿ. ಬೆಳಿಗ್ಗೆಯ ಆಕಾಶದಂಥ, ಈಗಷ್ಟೇ ಅಂಗಡಿಯಿಂದ ತಂದಂಥ ನೀಲಿ. ನೋಡಲು ಬಂದ ಬೀದಿಯವರು ಹೊಸ ಸೋಫಾ ಯಾವಾಗ ಕೊಂಡಿರಿ ಎಂದು ಕೇಳಿದರು. ಮಾಮನೇ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ನಂಗೆ ಗೊತ್ತಿತ್ತು," ಎಂದಳು ಹೆಂಡತಿ. "ಬಟ್ಟೆ ಆರಿಸಿದ್ದು ನಾನೇ ಅಲ್ವಾ?"

ಅವಳು ಅದರ ಮೇಲೆ ಮೆಲ್ಲಗೆ ಕೂತಳು. ಮಾಮ ಇನ್ನೊಂದು ತುದಿಯಲ್ಲಿ, ಒಡೆಯುವ ಸಾಮಾನಿನ ಮೇಲೆ ಕೂತವನಂತೆ ಕೂತ. ಮಗಳು ಇಬ್ಬರಿಗೂ ಟೀ ತಂದಳು. ಹೆಂಡತಿಯ ಕೈಯಲ್ಲಿ ಇನ್ನೂ ಶಕ್ತಿಯಿರಲಿಲ್ಲ. ಕಪ್ಪು ವಾಲಿ, ಅಷ್ಟೂ ಟೀ ಆ ನೀಲಿಯ ಮೇಲೆ ಚೆಲ್ಲಿತು. ಮಗಳು ಉಸಿರು ಬಿಗಿಹಿಡಿದಳು, ನೆರೆಯವರು ಬಾಗಿಲ ಕಡೆ ನೋಡಿದರು. ಮಾಮ ಕಲೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಅಯ್ಯೋ ದೇವರೇ," ಎಂದ. "ನೋಡಿದ್ಯಾ ಇವಳನ್ನ?"

ಹಾಗೆಂದವನು, ಕರೆದ ಮೇಲೆ ನಿಲ್ಲಿಸಿಕೊಂಡೇ ಮಾತಾಡಿಸುವುದು ಸರಿಯಲ್ಲ ಎಂದು ಸೋಫಾದ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ.